ಮೂವತ್ತೊಂದೂವರೆ ಡಿಗ್ರಿ

2025ರ ಮೇ 14, ಬೆಳಿಗ್ಗೆ 10 ಗಂಟೆ 20 ನಿಮಿಷ. ಕೋಳಿಮರಿ ಕೇಂದ್ರದ ಮಾಲೀಕ ಶಿವಸಂಗಪ್ಪ ಹುನಗುಂದ ಠಾಣೆಗೆ ಬಂದವನೇ ಪಿ.ಎಸ್.ಐ. ಸುನಂದಾ ಹಾದಿಮನಿಯವರ ಮೇಜಿನ ಮೇಲೆ ಒಂದು ಟ್ರೇ ಮೊಟ್ಟೆ ಇಟ್ಟ. ಅವು ಆಗಲೇ ನಾರುತ್ತಿದ್ದವು.

"ಸಾಕ್ಷಿ ರೀ ಮೇಡಂ."

"ಮೊದಲ ಅವನ್ನ ಹೊರಗ ಇಡ್ರಿ. ಕಳುವಾದದ್ದು ಏನು?"

ಕಳುವಾದದ್ದು ಅಂಗೈ ಅಗಲದ ಒಂದು ಡಬ್ಬಿ. ಮೊಟ್ಟೆಗೆ ಕಾವು ಕೊಡುವ ಯಂತ್ರದ ಕಂಟ್ರೋಲರ್. ಹಿಂದಿನ ದಿನ ಮಧ್ಯಾಹ್ನ ಆಳುಗಳು ಊಟಕ್ಕೆ ಹೋದಾಗ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಸಂಜೆ ಬಾಗಿಲು ತೆಗೆದು ನೋಡಿದರೆ ಒಳಗೆ ಕುದಿಯುವ ಸೆಖೆ. ಇನ್ನು ಮೂರೇ ದಿನದಲ್ಲಿ ಒಡೆಯಬೇಕಿದ್ದ ಎರಡು ಸಾವಿರದ ನಾಲ್ಕುನೂರು ಮೊಟ್ಟೆಗಳೊಳಗೆ ಮರಿಗಳೆಲ್ಲ ಸತ್ತಿದ್ದವು.

ಬಿ.ಎನ್.ಎಸ್. ಕಲಂ 303(2)ರ ಅಡಿ ಕಳುವಿನ ಎಫ್.ಐ.ಆರ್. ಆಯಿತು. ಹೆಡ್ ಕಾನ್‌ಸ್ಟೇಬಲ್ ಚಾಂದಸಾಬ ಬರೆದು ಬರೆದು ಬೆರಳು ಝಾಡಿಸಿದ. "ಇಷ್ಟಗಲ ಡಬ್ಬಿಗೆ ಎಂಟು ಪುಟ ರೀ ಮೇಡಂ."

ಮಧ್ಯಾಹ್ನ 12.10ಕ್ಕೆ ಸ್ಥಳ ಪಂಚನಾಮೆ. ಸುನಂದಾ ಅವರ ಕಣ್ಣು ವೈರುಗಳ ಮೇಲೆ ನಿಂತಿತು. ಕಳ್ಳ ಕತ್ತರಿಸಿಕೊಂಡು ಓಡಿರಲಿಲ್ಲ. ಹೀಟರಿನ ಎರಡು ತುದಿಗಳನ್ನು ನೇರವಾಗಿ ಜೋಡಿಸಿ, ಒಪ್ಪವಾಗಿ ಟೇಪು ಸುತ್ತಿಟ್ಟು ಹೋಗಿದ್ದ.

"ತತ್ತಿ ತಣ್ಣಗಾಗಬಾರದು ಅಂತ ಮಾಡ್ಯಾನ," ಎಂದರು ಸುನಂದಾ. "ಆದರ ಹೀಟರು ಬಂದ್ ಆಗದೇನ ಉರೀತು."

"ಇಂಥಾ ಉಪಕಾರ ಯಾವ ಕಳ್ಳ ಮಾಡ್ತಾನ್ರಿ?" ಎಂದ ಚಾಂದಸಾಬ.

ಮುಂದಿನ ಎರಡು ದಿನ ಗುಜರಿ ಅಂಗಡಿ, ಎಲೆಕ್ಟ್ರಿಕ್ ಅಂಗಡಿ, ಬೇರೆ ಮೂರು ಕೋಳಿಮರಿ ಕೇಂದ್ರ ಎಲ್ಲ ಆಯಿತು. ಹೊರಗೆ ನಲವತ್ತೊಂದು ಡಿಗ್ರಿ. ಶಿವಸಂಗಪ್ಪ ದಿನಕ್ಕೆ ಮೂರು ಸಲ ಫೋನು ಮಾಡಿ "ಸಿಕ್ಕನೇನ್ರಿ?" ಎಂದು ಕೇಳುತ್ತಿದ್ದ. ನಾಲ್ಕನೆಯ ಸಲ ಮಾಡಿದರೆ ನಿನ್ನನ್ನೇ ಒಳಗೆ ಹಾಕುತ್ತೇನೆ ಎನ್ನುವ ಮಾತು ಸುನಂದಾ ಅವರ ನಾಲಗೆಯ ತುದಿಯವರೆಗೆ ಬಂದು ಹೋಗುತ್ತಿತ್ತು.

ಮೇ 17, ಬೆಳಿಗ್ಗೆ 11.40. ಇಳಕಲ್ ಬಸ್ ನಿಲ್ದಾಣದ ಬಳಿಯ ರಿಪೇರಿ ಅಂಗಡಿಯ ಶ್ರೀಧರ ಕಂಟ್ರೋಲರಿನ ಫೋಟೊ ನೋಡಿದ ಕೂಡಲೇ ಗುರುತು ಹಿಡಿದ.

"ಮಂಗಳವಾರ ಸಂಜೀಗೆ ತಂದಿದ್ದ ರೀ. ಸೆಟ್ಟಿಂಗ್ ಲಾಕ್ ಆಗಿತ್ತು. ಮೂವತ್ತೇಳೂವರೆ ಇದ್ದದ್ದನ್ನ ಮೂವತ್ತೊಂದೂವರೆ ಮಾಡಿಕೊಡು ಅಂದ."

"ಯಾರು?"

"ಜೆಸಿಬಿ ಓಡಸೋ ಫಾರೂಕ. ಕೋಳಿ ತತ್ತಿಗೆ ಇಷ್ಟು ಕಾವು ಸಾಲಂಗಿಲ್ಲಲೇ ಅಂದೆ. ಕೋಳಿದಲ್ಲ ಅಂದ."

"ಮತ್ತ ಯಾತರದು?"

"ಕೇಳಲಿಲ್ರಿ."

ಶಿವಸಂಗಪ್ಪನಿಗೆ ಫೋನು ಮಾಡಿದಾಗ, ಕೇಂದ್ರದ ಹಿತ್ತಲನ್ನು ಹೋದ ತಿಂಗಳು ಸಮ ಮಾಡಿದವನೂ ಈ ಫಾರೂಕನೇ ಎಂದು ತಿಳಿಯಿತು.

ಮಧ್ಯಾಹ್ನ 2.20. ಫಾರೂಕನ ತಾಯಿ ಜೋಹರಾ ಬಾಗಿಲು ತೆಗೆದಳು. ಪೊಲೀಸರನ್ನು ಕಂಡು ಅವಳು ಹೆದರಲಿಲ್ಲ.

"ಕರಕೊಂಡು ಹೋಗ್ರಿ ಅವನ್ನ. ತಿಂಗಳಾತು, ಮಗ್ಗದ ಕುಣಿ ಹಿಡದ ಕುಂತಾನ. ಒಂದು ಸೀರಿ ನೇಯಾಕ ಆಗವಲ್ದು ನನಗ."

ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಕುಣಿ ಮನೆಯಲ್ಲೇ ತಂಪಾದ ಜಾಗ. ಅದರೊಳಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆ, ಸುತ್ತ ಒದ್ದೆ ಗೋಣಿಚೀಲ, ಒಂದು ಬಲ್ಬು, ಒಂದು ಸಣ್ಣ ಫ್ಯಾನು. ತಂಪಾದರೆ ಬಲ್ಬು ಹತ್ತಬೇಕು, ಕಾದರೆ ಫ್ಯಾನು ತಿರುಗಬೇಕು. ಎರಡನ್ನೂ ಆಡಿಸುತ್ತಿದ್ದದ್ದು ಕಳುವಿನ ಕಂಟ್ರೋಲರ್. ಒಳಗೆ ಹಸಿ ತೆಂಗಿನ ನಾರಿನ ಮೇಲೆ ಹತ್ತೊಂಬತ್ತು ದಪ್ಪ ಬಿಳಿ ಮೊಟ್ಟೆಗಳು. ಪ್ರತಿಯೊಂದರ ನೆತ್ತಿಯ ಮೇಲೆ ಪೆನ್ಸಿಲ್ ಗುರುತು.

ಎಣಿಸಲೆಂದು ಚಾಂದಸಾಬ ಕೈ ಹಾಕಿದ. ಮೂಲೆಯಲ್ಲಿ ನಿಂತಿದ್ದ ಫಾರೂಕ ಮೊದಲ ಸಲ ಬಾಯಿಬಿಟ್ಟ.

"ಹೊರಳಸಬ್ಯಾಡ್ರಿ ಸಾಹೇಬ್ರ. ಕೋಳಿದಂಗಲ್ಲ, ಬುಡಮೇಲಾದ್ರ ಒಳಗ ಸಾಯ್ತಾವ."

"ಯಾವ ತತ್ತಿ ಇವು?" ಎಂದರು ಸುನಂದಾ.

"ಹೆಬ್ಬಾವಿನವು ರೀ."

ಚಾಂದಸಾಬ ಕೈ ಹಿಂದಕ್ಕೆಳೆದುಕೊಂಡ.

ಸುನಂದಾ ಅರಣ್ಯ ಇಲಾಖೆಗೆ ಫೋನು ಮಾಡಿದರು. ಮೊಟ್ಟೆ ಮುಟ್ಟಬೇಡಿ, ಕಾವು ತಪ್ಪಿಸಬೇಡಿ, ಬಾದಾಮಿಯಿಂದ ಬರಲು ಎರಡು ಗಂಟೆಯಾದರೂ ಬೇಕು ಎಂದು ಉತ್ತರ ಬಂತು. ಅಷ್ಟರಲ್ಲಿ ಮಾಲು ಗುರುತಿಸಲು ಶಿವಸಂಗಪ್ಪನೂ ಬಂದ. ಕಂಟ್ರೋಲರ್ ಕಿತ್ತರೆ ಮೊಟ್ಟೆ ಹೋಗುತ್ತವೆ, ಬಿಟ್ಟರೆ ಜಪ್ತಿ ಹೇಗೆ ಮಾಡುವುದು? 'ಚಾಲನೆಯಲ್ಲಿರುವ ಸ್ಥಿತಿಯಲ್ಲಿ' ಎಂದು ಸುನಂದಾ ಪಂಚನಾಮೆ ಬರೆಸಿದರು. 3.05ಕ್ಕೆ ಕರೆಂಟು ಹೋಯಿತು.

ಫ್ಯಾನು ನಿಂತಿತು. ಪೆಟ್ಟಿಗೆಯೊಳಗಿನ ಥರ್ಮಾಮೀಟರು ಮೂವತ್ತೆರಡು ದಾಟಿತು, ಮೂವತ್ತಮೂರಾಯಿತು. ಫಾರೂಕ ಸುನಂದಾ ಅವರ ಮುಖ ನೋಡಿದ.

"ಏನ್ ನೋಡ್ತಿ? ಮಾಡು," ಎಂದರು ಸುನಂದಾ.

ಅವನು ಕುಣಿಗಿಳಿದು ಗೋಣಿಚೀಲಕ್ಕೆ ನೀರು ಚಿಮುಕಿಸಿದ. ಜೋಹರಾ ಮಗನನ್ನು ಬೈಯುತ್ತಲೇ ಮೊರದಿಂದ ಗಾಳಿ ಹಾಕಿದಳು. ಅವಳ ಕೈ ಸೋತಾಗ ಚಾಂದಸಾಬ ಮೊರ ತೆಗೆದುಕೊಂಡ. ಅವನೂ ಸೋತ. ಎಂಟು ವರ್ಷದ ನೌಕರಿಯಲ್ಲಿ ಇದೊಂದು ಬಾಕಿ ಇತ್ತು ಎಂದುಕೊಳ್ಳುತ್ತ ಸುನಂದಾ ಪಂಚನಾಮೆಯ ರಟ್ಟು ಹಿಡಿದು ಬೀಸತೊಡಗಿದರು.

ಗೋಡೆಗೆ ಒರಗಿ ನಿಂತು ಹಲ್ಲು ಕಡಿಯುತ್ತಿದ್ದ ಶಿವಸಂಗಪ್ಪ ಕೊನೆಗೆ ತಡೆಯಲಾರದೆ ಹೇಳಿದ: "ಮುಚ್ಚಳ ಒಂದ ಬೆರಳು ಓರೆ ಮಾಡೋ. ಹನಿ ತತ್ತಿ ಮ್ಯಾಲೆ ಬೀಳಾಕತ್ತಾವ."

ಫಾರೂಕ ಹಾಗೆಯೇ ಮಾಡಿದ.

"ನನ್ನವು ಎರಡು ಸಾವಿರದ ನಾಕನೂರು ಸತ್ವು, ಗೊತ್ತದ ಏನ್ ನಿನಗ?"

ಫಾರೂಕನಿಗೆ ಗೊತ್ತಿರಲಿಲ್ಲ. "ಕಾವು ಹೋಗಬಾರದು ಅಂತ ವೈರ್ ಜೋಡಿಸಿದ್ನಲ್ಲಾ ರೀ, ಕಾಕಾ," ಎಂದ. ಆಮೇಲೆ ತಾನು ಹೇಳಿದ್ದು ತನಗೇ ಅರ್ಥವಾದಂತೆ ಕುಣಿಯ ಅಂಚಿಗೆ ಕುಸಿದ.

4.50ಕ್ಕೆ ಅರಣ್ಯ ಇಲಾಖೆಯವರು ತಮ್ಮದೇ ಪೆಟ್ಟಿಗೆ ತಂದು ಮೊಟ್ಟೆಗಳನ್ನು ಒಯ್ದರು. ವನ್ಯಜೀವಿ ಕಾಯ್ದೆಯಡಿ ಅವರ ಪ್ರಕರಣ ಬೇರೆ. 5.15ಕ್ಕೆ ಸುನಂದಾ ಫಾರೂಕನನ್ನು ಬಂಧಿಸಿದರು.

ಠಾಣೆಯಲ್ಲಿ ಅವನು ಹೇಳಿಕೆ ಕೊಟ್ಟ. ಏಪ್ರಿಲ್‌ನಲ್ಲಿ ರಾಮಥಾಳದ ಹತ್ತಿರ ಒಂದು ಹೊಲದಲ್ಲಿ ಒಡ್ಡು ಅಗೆಯುವಾಗ ಜೆಸಿಬಿಯ ಬಕೆಟ್ಟಿಗೆ ಹೆಬ್ಬಾವು ಸಿಕ್ಕಿತು. "ಮಷಿನ್ ಸಪ್ಪಳಕ್ಕ ಎಂಥಾ ಹಾವಾದ್ರೂ ಓಡ್ತಾವ್ರಿ. ಇದು ಓಡಲಿಲ್ಲ. ಇಳಿದು ನೋಡಿದ್ರ ತತ್ತಿ ಸುತ್ತಿಕೊಂಡು ಮಲಗಿತ್ತು. ಎರಡು ತುಂಡಾಗಿತ್ತು. ಸುತ್ತಿದ್ದು ಬಿಟ್ಟಿರಲಿಲ್ರಿ." ಅವನ ಹಳೆಯ ಕಂಟ್ರೋಲರ್ ಮೂರು ಸಲ ಕೈಕೊಟ್ಟಿತ್ತು. ಇಪ್ಪತ್ತೊಂದರಲ್ಲಿ ಎರಡು ಮೊಟ್ಟೆ ಕೆಟ್ಟ ದಿನವೇ ಅವನು ಕಳುವಿಗೆ ಹೋಗಿದ್ದ.

ಚಾಂದಸಾಬ ಪೆನ್ನು ಎತ್ತಿ ಕೇಳಿದ: "ಉದ್ದೇಶ ಏನಂತ ಬರೀಲಿ ಮೇಡಂ? ಸ್ವಂತ ಲಾಭಕ್ಕ ಅಂತ ಬರಿಯೋದು ರೂಢಿ ಅದ."

ಸುನಂದಾ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಬ್ಯಾಡ. ಅಂವ ಹೆಂಗ ಹೇಳ್ಯಾನ, ಹಂಗ ಬರಿ."