ಇಲ್ಲದ ಸದ್ದು

ಅವಳಿಗೆ ಬೇಕಾಗಿದ್ದು ದೊಡ್ಡ ಕ್ರೂಸರ್ ಬೈಕ್. ಅದೂ ಕಪ್ಪು ಬಣ್ಣದ್ದು, ಬೀದಿಯ ಈ ತುದಿಯಲ್ಲಿ ಸ್ಟಾರ್ಟ್ ಮಾಡಿದರೆ ಆ ತುದಿಯವರು ಕಿಟಕಿಯಿಂದ ಇಣುಕುವಂಥದ್ದು. ಹಳೆಯ ಬೈಕುಗಳನ್ನು ರಿಪೇರಿ ಮಾಡಿ ಮಾರುವ ಆ ಗ್ಯಾರೇಜಿನಲ್ಲಿ ಅಂಥದ್ದೇ ಒಂದು ನಿಂತಿತ್ತು. ಅವಳು ಆಸೆಯಿಂದ ಸೀಟಿನ ಮೇಲೆ ಕೈಯಿಟ್ಟಿದ್ದಳು, ಅಷ್ಟೆ.

"ಅದು ನಿಮಗೆ ಬೇಡ ಮೇಡಂ," ಅಂದ ಮೆಕ್ಯಾನಿಕ್, ಕೆಲಸದಿಂದ ತಲೆ ಕೂಡ ಎತ್ತದೆ.

ಅವಳಿಗೆ ಮೈಯೆಲ್ಲ ಉರಿಯಿತು. "ಯಾಕೆ? ಹೆಂಗಸರು ಓಡಿಸಬಾರದಾ?"

ಈಗ ತಲೆಯೆತ್ತಿದ. ಗಾಬರಿ ಬಿದ್ದ ಮುಖ, ಕೆನ್ನೆಯ ಮೇಲೊಂದು ಗ್ರೀಸಿನ ಗೆರೆ. "ಅಯ್ಯೋ, ಹಾಗಲ್ಲ. ನಿಮ್ಮ ಕೈಯಲ್ಲಿ ಕೇಕ್ ಡಬ್ಬ ಇದೆಯಲ್ಲ, ಅದನ್ನ ನೋಡಿ ಹೇಳಿದೆ. ಅದನ್ನ ಇದರ ಮೇಲೆ ಕಟ್ಕೊಂಡು ಹೋಗ್ತೀರಾ?"

ಹೋಗಬೇಕಾಗಿದ್ದು ಹಾಗೆಯೇ. ಅವಳೂ ಅವಳ ಅತ್ತಿಗೆಯೂ ಸೇರಿ ಮನೆಯ ಹಿಂದಿನ ಕೋಣೆಯಲ್ಲಿ ಬೇಕರಿ ನಡೆಸುತ್ತಿದ್ದರು. ಆರ್ಡರಿನ ಕೇಕುಗಳನ್ನು ಬೇರೆಯವರ ಕೈಯಲ್ಲಿ ಕಳಿಸಿದರೆ ಅರ್ಧದಷ್ಟು ಮುಖ ಕೆಡಿಸಿಕೊಂಡೇ ತಲುಪುತ್ತಿದ್ದವು. ಇನ್ನು ತಾನೇ ತಲುಪಿಸುತ್ತೇನೆ ಎಂದು ಅವಳು ಬೈಕ್ ಹುಡುಕಿಕೊಂಡು ಬಂದಿದ್ದಳು. ಇದನ್ನೆಲ್ಲ ಹೇಳುವಷ್ಟರಲ್ಲಿ ಸಿಟ್ಟು ಇಳಿದಿತ್ತು.

"ಯಾವ ಬೈಕ್ ಅಂತ ನಾವಿಬ್ಬರೂ ಜಗಳ ಆಡೋದು ಬೇಡ. ಕೇಕನ್ನೇ ಕೇಳೋಣ," ಅಂದ ಅವನು.

ಮರುದಿನ ಅವಳು ಸೀದ, ಸೊಟ್ಟಗಾದ ಕೇಕುಗಳಿಗೆಲ್ಲ ಕ್ರೀಮ್ ಬಳಿದುಕೊಂಡು ಬಂದಳು. ಅವನು ಒಂದೊಂದು ಬೈಕಿಗೂ ಒಂದೊಂದು ಡಬ್ಬ ಕಟ್ಟಿದ. ಅವಳು ಮುಂದೆ, ಅವನು ಇನ್ನೊಂದು ಬೈಕಿನಲ್ಲಿ ಹಿಂದೆ.

ಕ್ರೂಸರ್ ಗತ್ತಿನಿಂದ ಹೋಗಿ ಗತ್ತಿನಿಂದಲೇ ಬಂತು. ಅದರ ನಡುಕಕ್ಕೆ ಕೇಕಿನ ಮೇಲಿನ ಹೂವುಗಳೆಲ್ಲ ಒಂದು ಮೂಲೆಗೆ ಹೋಗಿ ಸೇರಿಕೊಂಡಿದ್ದವು. ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟು ಮೇಲೆದ್ದು ನಿಂತಿರುವುದರಿಂದ ಬ್ರೇಕ್ ಹಿಡಿದ ಕೂಡಲೇ ಡಬ್ಬ ಜಾರಿ ಅವಳ ಬೆನ್ನನ್ನು ಅಪ್ಪಿಕೊಂಡಿತು. ಗುಡ್ಡ ಹತ್ತುವ ಎತ್ತರದ ಅಡ್ವೆಂಚರ್ ಬೈಕಿನಲ್ಲಿ ಕೇಕ್ ಸುಖವಾಗಿತ್ತು, ಆದರೆ ಅವಳ ಕಾಲೇ ನೆಲಕ್ಕೆ ಎಟುಕಲಿಲ್ಲ. ಸಿಗ್ನಲ್ಲಿನಲ್ಲಿ ವಾಲಿದಾಗ ಅವನು ತನ್ನ ಗಾಡಿಯಿಂದಿಳಿದು ಓಡಿ ಬಂದು ಹಿಡಿದುಕೊಂಡ. ಗಾಡಿಯನ್ನೇ ಹಿಡಿದುಕೊಂಡದ್ದು ನಿಜ. ಕೈ ಮಾತ್ರ ಅವಳ ಕೈಯ ಮೇಲಿತ್ತು, ದೀಪ ಹಸಿರಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಕೊನೆಗೆ ಮೂಲೆಯಲ್ಲಿದ್ದ ಬೂದು ಬಣ್ಣದ ಕಮ್ಯೂಟರ್. ಆಫೀಸಿಗೆ ಹೋಗುವವರು ಓಡಿಸುವಂಥ ಸಾಧಾರಣ ಗಾಡಿ. ಕೇಕ್ ಹೋದ ಹಾಗೆಯೇ ವಾಪಸ್ ಬಂತು.

"ನೋಡೋಕೆ ಎಷ್ಟು ಸಪ್ಪೆ ಇದೆ," ಎಂದು ಅವಳು ಮೂತಿ ಉದ್ದ ಮಾಡಿದಳು.

"ದಿನಾ ಜೊತೆಗಿರೋದು ಸ್ವಲ್ಪ ಸಪ್ಪೆ ಇದ್ರೇನೇ ಒಳ್ಳೇದು," ಅಂದ ಅವನು. ಅಂದ ಮೇಲೆ ಅದೇಕೋ ಅವನ ಕಿವಿಗಳು ಕೆಂಪಾದವು. ಅವಳು ಅದನ್ನು ನೋಡಿದಳು. ನೋಡಿದ್ದನ್ನು ಅವನೂ ನೋಡಿದ.

ಆ ಕಿವಿಗಳ ವಿಷಯ ಹೇಳಲೇಬೇಕು. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ 'ಡಾಕ್ಟ್ರು' ಅಂತ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೂತನೆಂದರೆ ಒಳಗಿನ ರೋಗ ಹೊರಗೆ ಬಂದಂತೆಯೇ. ಕಲಿಸಿದ್ದು ಅವನ ಅಪ್ಪ. ಜೀವಮಾನವೆಲ್ಲ ಇಂಜಿನ್ನುಗಳ ನಡುವೆ ಕಳೆದ ಆ ಹಿರಿಯರಿಗೆ ಈಗ ಪಕ್ಕದಲ್ಲಿ ಕೂಗಿದರಷ್ಟೇ ಕೇಳಿಸುತ್ತಿತ್ತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಅವತ್ತಿನ ಕೆಟ್ಟ ಕೇಕುಗಳನ್ನೆಲ್ಲ ಖುಷಿಯಿಂದ ಖಾಲಿ ಮಾಡಿದರು.

ಬೂದು ಬೈಕ್ ಅವಳದಾಯಿತು. ಅದನ್ನು ನೋಡಿಕೊಳ್ಳುವುದು ಹೇಗೆಂದು ಅವನೇ ಕಲಿಸಿಕೊಟ್ಟ. ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು. ಚೈನನ್ನು ಬೆರಳಲ್ಲಿ ಎತ್ತಿ ಎಷ್ಟು ಸಡಿಲವಿದೆ ನೋಡಬೇಕು, ಒರೆಸಿ, ಒಳಬದಿಗೆ ಎಣ್ಣೆ ಬಿಡಬೇಕು. ಅವನ ಬೆರಳಿನ ಪಕ್ಕದಲ್ಲೇ ತನ್ನ ಬೆರಳಿಟ್ಟು ಅವಳು ಕಲಿತಳು.

ಎಡವಟ್ಟಾಗಿದ್ದು ಇಲ್ಲೇ. ಅವಳು ಬೇಕರಿಯವಳು, ಹೇಳಿದ ಅಳತೆಯಲ್ಲಿ ಒಂದು ಚಮಚವೂ ಹೆಚ್ಚು ಕಡಿಮೆ ಮಾಡುವವಳಲ್ಲ. ಹೇಳಿಕೊಟ್ಟದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಗಾಡಿ ಕೆಡಲೇ ಇಲ್ಲ. ಗ್ಯಾರೇಜಿಗೆ ಹೋಗುವ ಕಾರಣವೂ ಉಳಿಯಲಿಲ್ಲ.

"ಗಾಡಿ ಏನೂ ತೊಂದರೆ ಕೊಡ್ತಾನೇ ಇಲ್ಲ ಅತ್ತಿಗೆ."

"ಒಳ್ಳೇದಾಯ್ತಲ್ಲ."

"ಒಳ್ಳೇದೇ."

"ಮತ್ಯಾಕೆ ಆಗಲಿಂದ ಅದೇ ಮೈದಾ ಹಿಟ್ಟನ್ನ ಜರಡಿ ಹಿಡೀತಾ ಇದ್ದೀಯ?" ಅತ್ತಿಗೆ ಬಗ್ಗಿ ನಾದಿನಿಯ ಮುಖ ನೋಡಿದಳು. "ಕಾಯಿಲೆ ಬಂದಿರೋದು ಗಾಡಿಗಲ್ಲ ಬಿಡು."

ಮರುದಿನ ಅವಳು ಗ್ಯಾರೇಜಿನ ಮುಂದೆ ನಿಂತಿದ್ದಳು. "ಒಂದು ಸದ್ದು ಬರ್ತಿದೆ," ಅಂದಳು. ನಾಲಿಗೆ ತಾನಾಗಿಯೇ ಮುಂದುವರಿಯಿತು. "ಎಡಗಡೆ. ಒಳಗೆಲ್ಲೋ. ನಿಧಾನಕ್ಕೆ ಹೋಗುವಾಗ, ಕಿಣಿಕಿಣಿ ಅಂತ."

ಅವನು ಸ್ಕ್ರೂಡ್ರೈವರ್ ಹಿಡಿದು ಕೂತ. ಕಣ್ಣು ಮುಚ್ಚಿದ. ಅವಳು ನಿಶ್ಚಿಂತೆಯಿಂದ ಅವನ ರೆಪ್ಪೆಗಳನ್ನು ನೋಡುತ್ತಾ ನಿಂತಳು. ಎಷ್ಟೋ ಹೊತ್ತಾದ ಮೇಲೆ ಅವನು, "ಏನೂ ಸಿಗ್ತಿಲ್ಲ. ಇನ್ನೊಂದ್ಸಲ ಬನ್ನಿ," ಅಂದ. ಅವಳಿಗೆ ಬೇಕಾಗಿದ್ದೂ ಅದೇ ಮಾತು.

ಇನ್ನೊಂದು ಸಲ ಬಂದಾಗ ಅವನು, ಓಡುವಾಗಲೇ ಕೇಳುತ್ತೇನೆ ಎಂದು ಅವಳ ಹಿಂದಿನ ಸೀಟಿನಲ್ಲಿ ಕೂತ. ಸದ್ದು ಕೇಳಲು ಮುಂದಕ್ಕೆ ಬಾಗಿದಾಗ ಅವನ ಗಲ್ಲ ಅವಳ ಭುಜದ ಹತ್ತಿರ ಬಂತು, ಮುಟ್ಟಲಿಲ್ಲ. ಸೋಪಿನ ವಾಸನೆ, ಅದರಡಿಯಲ್ಲಿ ಪೆಟ್ರೋಲಿನ ವಾಸನೆ. ಅವಳು ಬೇಕೆಂದೇ ದೂರದ ದಾರಿ ಹಿಡಿದಳು.

"ಈಗ ಬರ್ತಿದೆಯಾ?" ಎಂದು ಅವನು ಕೇಳಿದ.

"ಹ್ಞೂಂ. ಈಗ್ಲೇ ಬಂತು."

ಕನ್ನಡಿಯಲ್ಲಿ ನೋಡಿದ್ದರೆ ಅವನ ಮುಖ ಬಿಳಿಚಿಕೊಂಡದ್ದು ಕಾಣುತ್ತಿತ್ತು. ಅವಳು ತನ್ನದೇ ಖುಷಿಯಲ್ಲಿದ್ದಳು, ನೋಡಲಿಲ್ಲ.

ಆಮೇಲೆ ಅವನು ಬೈಕನ್ನು ಒಂದು ದಿನ ಇಟ್ಟುಕೊಂಡ. ಇಂಜಿನ್ ಬಿಚ್ಚಿ, ಒಂದೊಂದನ್ನೂ ತೊಳೆದು, ಅಳೆದು, ಮತ್ತೆ ಜೋಡಿಸಿದ. "ಎಲ್ಲಾ ಸರಿಯಿದೆ," ಅಂದ, ಅವಳನ್ನೇ ದಿಟ್ಟಿಸಿ. "ಆದ್ರೂ ನಿಮಗೆ ಕೇಳಿಸ್ತಿದೆ, ಅಲ್ವಾ?"

ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಸ್ವಲ್ಪ ಕೇಳಿಸ್ತಿದೆ," ಅಂದಳು ಆ ಮಹರಾಯ್ತಿ.

ಮುಂದಿನ ವಾರ ಹೋದಾಗ ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು. ಉಪಕರಣಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿಟ್ಟಿದ್ದರು. ಅಪ್ಪ ಒಬ್ಬರೇ ಕುರ್ಚಿಯಲ್ಲಿದ್ದರು.

"ಬಾರಮ್ಮ. ಅವನು ಇಂಜಿನ್ ಕೆಲಸ ಬಿಡ್ತಾನಂತೆ," ಎಂದರು, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ಸೋಮವಾರದಿಂದ ಗೋಡೌನಿನಲ್ಲಿ ಕೆಲಸ. ಈ ಸಾಮಾನೆಲ್ಲ ತಗೊಂಡು ಹೋಗೋಕೆ ಸಂಜೆ ಯಾರೋ ಬರ್ತಾರೆ."

ಅವಳು ಒಳಗೆ ಬಂದು ಅವರ ಕಿವಿಯ ಹತ್ತಿರ ಬಾಗಿದಳು. "ಯಾಕೆ?"

"ನಿನ್ನ ಗಾಡಿ ಸದ್ದು ಅವನಿಗೆ ಕೇಳಿಸ್ತಿಲ್ಲವಲ್ಲಮ್ಮ. ನನಗೂ ಹೀಗೇ ಶುರುವಾಗಿದ್ದು. ಮೊದಲು ಸಣ್ಣ ಸದ್ದುಗಳು ಹೋದ್ವು. ನಾನು ಒಪ್ಪಿಕೊಳ್ಳಲಿಲ್ಲ, ರಿಪೇರಿ ಮಾಡ್ತಾನೇ ಹೋದೆ. ನಾನು ಸರಿಯಿದೆ ಅಂತ ಕಳಿಸಿದ ಗಾಡಿ ನಡುರಸ್ತೆಯಲ್ಲಿ ಇಂಜಿನ್ ಜಾಮ್ ಆಗಿ ತಟ್ಟನೆ ನಿಂತು, ಓಡಿಸ್ತಿದ್ದವರು ಬಿದ್ದು ಕಾಲು ಮುರ್ಕೊಂಡ್ರು. ತಾನು ಹಾಗೆ ಮಾಡಲ್ಲ ಅಂತಾನೆ."

ತಾನು ಖುಷಿಗೆ ಹೇಳಿದ ಸುಳ್ಳು ಒಬ್ಬನ ಅನ್ನವನ್ನೇ ಕಸಿಯುತ್ತಿತ್ತು.

"ಸದ್ದು ಇರಲಿಲ್ಲ," ಅಂದಳು.

"ಆಂ?"

"ಸದ್ದು ಇರಲಿಲ್ಲ ಅಂದೆ."

"ಹೌದಮ್ಮ, ಅದೇ, ಅವನಿಗೆ ಕೇಳಿಸ್ಲಿಲ್ಲ."

"ಹಾಗಲ್ಲ. ಸದ್ದೇ ಇರಲಿಲ್ಲ. ನಾನು ಸುಳ್ಳು ಹೇಳಿದ್ದು!"

ಎದುರಿನ ಕ್ಷೌರದಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು. ಅಪ್ಪ ಕಣ್ಣು ಕಿರಿದು ಮಾಡಿದರು. "ಸುಳ್ಳಾ? ಯಾಕಮ್ಮಾ?"

"ಇಲ್ಲಿಗೆ ಬರೋಕೆ."

"ಬರೋಕೆ ಸದ್ದು ಯಾಕೆ ಬೇಕಿತ್ತು? ಸುಮ್ಮನೆ ಬರಬಹುದಿತ್ತಲ್ಲ."

ಮಾತು ನ್ಯಾಯವಾಗಿಯೇ ಇತ್ತು. ಅವಳು ಉಸಿರು ಎಳೆದುಕೊಂಡಳು, ನಾಚಿಕೆಯನ್ನು ಬದಿಗಿಟ್ಟಳು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು. "ನಿಮ್ಮ ಮಗನ್ನ ಕಂಡ್ರೆ ನನಗಿಷ್ಟ! ಅದಕ್ಕೆ!"

ಅಪ್ಪ ಅವಳನ್ನು ನೋಡಲಿಲ್ಲ. ಅವಳ ಹಿಂದೆ ನೋಡುತ್ತಿದ್ದರು. ಅವಳು ತಿರುಗಿದಳು. ಒಳಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ, ಕೈಯಲ್ಲಿ ಪೆಟ್ಟಿಗೆ ಕಟ್ಟುವ ಹಗ್ಗ.

"ನಿಜವಾಗ್ಲೂ ಸದ್ದು ಇರಲಿಲ್ವಾ?" ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಕಿಣಿಕಿಣಿ?"

"ನಾನೇ ಕಟ್ಟಿ ಹೇಳಿದ್ದು."

ಅವನು ಅಲ್ಲೇ ಹಳೆಯ ಟೈರುಗಳ ಮೇಲೆ ಕುಸಿದು ಕೂತ. ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗುತ್ತಿದ್ದವು, ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗಲಿಲ್ಲ. ಕೈ ತೆಗೆದಾಗ ಮುಖದಲ್ಲಿ ಸಿಟ್ಟೂ ಇತ್ತು.

"ದಿನಾ ಬೆಳಗ್ಗೆ ಗಡಿಯಾರವನ್ನ ಕಿವಿಗೆ ಹಿಡ್ಕೊಂಡು ನೋಡ್ತಿದ್ದೆ ರೀ. ಕೇಳಿಸ್ತಿತ್ತು. ಆದ್ರೂ ನಂಬಿಕೆ ಬರ್ತಿರಲಿಲ್ಲ. ನಿಮ್ಮ ಕಿವಿ ನಂಬ್ತಿದ್ದೆ ನಾನು, ನನ್ನದಲ್ಲ."

"ತಪ್ಪಾಯ್ತು," ಅಂದಳು. ಕಣ್ಣು ತುಂಬಿಬಂದಿತ್ತು. "ದೊಡ್ಡ ತಪ್ಪಾಯ್ತು."

ಅವನು ಎದ್ದ. ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ಹೊರತೆಗೆದು ಅದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ. "ಸ್ಟಾರ್ಟ್ ಮಾಡಿ."

ಬೂದು ಬೈಕ್ ಶುರುವಾಯಿತು. ಅವನು ಮೊಣಕಾಲೂರಿ ಕೂತು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದ. ವಾಲ್ವುಗಳು ತಮ್ಮ ಪಾಡಿಗೆ ಟಿಕ್ ಟಿಕ್ ಅನ್ನುತ್ತಿದ್ದವು. ಪಿಸ್ಟನ್ ಎಡವದೆ ಏರಿಳಿಯುತ್ತಿತ್ತು. ಇಷ್ಟು ದಿನ ಇದನ್ನೆಲ್ಲ ಅವನು ಕೇಳಿದ್ದ, ಇದರ ನಡುವೆ ಇಲ್ಲದ್ದೊಂದನ್ನು ಹುಡುಕುತ್ತಾ ಕೇಳಿದ್ದ. ಈಗ ಇದ್ದದ್ದನ್ನಷ್ಟೇ ಕೇಳಿದ. ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು, ದವಡೆ ಸಡಿಲಾಯಿತು, ಉಸಿರು ಉದ್ದವಾಗಿ ಹೊರಬಂತು.

ಅವಳು ಅವನ ಹಿಂದೆ ನಿಂತು, ಇಂಜಿನ್ನಿನ ಸದ್ದಿನ ಮರೆಯಲ್ಲಿ, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದಳು, "ನಿಮ್ಮ ಕಿವಿಗಳೂ ನನಗಿಷ್ಟ."

"ಕೇಳಿಸ್ತು," ಅಂದ ಅವನು, ಕಣ್ಣು ಬಿಡದೆ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಇಂಜಿನ್ ಆಫ್ ಮಾಡಿ ಎದ್ದು ನಿಂತ. "ನಿಮ್ಮ ಹಿಂದೆ ಕೂತಿದ್ದ ದಿನ, ಸದ್ದು ಸಿಗಲಿ ಅಂತಲೂ ಇತ್ತು, ಸಿಗದೇ ಇರಲಿ ಅಂತಲೂ ಇತ್ತು. ಸಿಕ್ಕಿದ್ರೆ ರಿಪೇರಿ ಮುಗಿದುಹೋಗ್ತಿತ್ತು. ನೀವು ಮತ್ಯಾಕೆ ಬರ್ತೀರಿ ಅನ್ನಿಸ್ತು."

"ಏನಂತಾನೆ?" ಎಂದು ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಏನಿಲ್ಲ ಅಪ್ಪಾ."

"ಆಂ? ಜೋರಾಗಿ ಹೇಳೋ."

ಅವನು ಎದುರಿನ ಕ್ಷೌರದಂಗಡಿಯ ಕಡೆ ನೋಡಿದ. ಕ್ಷೌರಿಕನೂ, ಅರ್ಧ ಕೂದಲು ಕತ್ತರಿಸಿಕೊಂಡಿದ್ದವನೂ ಬಾಗಿಲಿಗೇ ಬಂದು ನಿಂತಿದ್ದರು. ಅವಳು ಕಣ್ಣೀರಿನ ಮಧ್ಯೆಯೇ ನಗುತ್ತಾ, ಈಗ ನಿಮ್ಮ ಸರದಿ ಎಂಬಂತೆ ಹುಬ್ಬು ಹಾರಿಸಿದಳು.

"ನನಗೂ ಇವರಂದ್ರೆ ಇಷ್ಟ ಅಂದೆ ಅಪ್ಪಾ!" ಎಂದು ಅವನು ಕೂಗಿದ.

"ಹಾಗಾದ್ರೆ ಗೋಡೌನಿನವರಿಗೆ ಫೋನ್ ಮಾಡು," ಎಂದರು ಅಪ್ಪ, ಕುರ್ಚಿಗೆ ಹಾಯಾಗಿ ಒರಗಿ. "ಬರಲ್ಲ ಅಂತ ಹೇಳು."

ಅವನು ಕೈ ಒರೆಸಿಕೊಂಡು ಫೋನ್ ತೆಗೆದ. ಅವಳು ಹೋಗಿ ಶಟರನ್ನು ಪೂರ್ತಿ ಮೇಲಕ್ಕೆತ್ತಿದಳು.