ದುಭಾಷಿ ಮತ್ತು ರೇಣವ್ವನ ಕಣ್ಣು

ಪಿಸ್ತೂಲಿನಂಥ ಹಳೆಯ ಸ್ಕ್ಯಾನರು, ಬೆರಳಿಗೆ ತೊಡುವ ಉಂಗುರದ ಸ್ಕ್ಯಾನರು, ಛಾವಣಿಗೆ ತೂಗುಹಾಕಿದ ಸ್ಕ್ಯಾನರು, ಮೂರೂ ಒಂದೇ ಇಳಕಲ್ ಸೀರೆಯ ಬಾರ್‌ಕೋಡ್ ಓದಿ ಒಂದೇ ಬೆಲೆ ಹೇಳಿದಾಗ ಪ್ರಾರ್ಥನಾಗೆ ಹೋದ ಜೀವ ಬಂದಂತಾಯಿತು. 2061ರಲ್ಲೂ ಒಂದೊಂದು ಕಂಪನಿಯ ಸ್ಕ್ಯಾನರಿಗೆ ಒಂದೊಂದು ಭಾಷೆ. ಹೊಸದನ್ನು ತಂದರೆ ಹಳೆಯ ಬಿಲ್ಲಿಂಗ್ ಯಂತ್ರ ಮುಖ ತಿರುಗಿಸುತ್ತಿತ್ತು. ನಡುವೆ ನಿಂತು ಎಲ್ಲರ ಮಾತನ್ನೂ ತಿಳಿಸಿ ಹೇಳುವ ತಂತ್ರಾಂಶವೊಂದನ್ನು ಬರೆದು ಅವಳು ಅದಕ್ಕೆ ‘ದುಭಾಷಿ’ ಎಂದು ಹೆಸರಿಟ್ಟಿದ್ದಳು. ಬಾರ್‌ಕೋಡ್ ನೋಡಬಲ್ಲ ಯಾವ ಯಂತ್ರ ಹತ್ತಿರ ಸುಳಿದರೂ ದುಭಾಷಿ ತಾನಾಗಿ ಗುರುತಿಸಿ ಕೆಲಸಕ್ಕೆ ಹಚ್ಚುತ್ತಿತ್ತು. ಹುಬ್ಬಳ್ಳಿಯ ಈ ಸೀರೆ ಅಂಗಡಿಯ ಮಾಲೀಕ ಮಹಾಂತೇಶ ಹೂಂ ಅಂದರೆ ಇಡೀ ಪೇಟೆ ಕೊಳ್ಳುತ್ತದೆ. ಇಲ್ಲವಾದರೆ ಅವಳ ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅಷ್ಟರಲ್ಲಿ ಮೊಮ್ಮಗಳ ಮದುವೆಗೆ ಸೀರೆ ಬೇಕೆಂದು ರೇಣವ್ವ ಬಂದರು. ಒಂದು ಸೀರೆ ಕೊಳ್ಳಲು ಅಂಗಡಿಯನ್ನೆಲ್ಲ ಬಿಡಿಸಿ ಹಾಕಿಸುವುದು ನಮ್ಮ ಹಳೆಯ ಪದ್ಧತಿ. ಹಾಗೆ ಮಾಡದವರನ್ನು ಅಂಗಡಿಯವರೇ ಅನುಮಾನದಿಂದ ನೋಡುತ್ತಾರೆ. ರೇಣವ್ವ ಒಂದೊಂದರ ಸೆರಗು ನೋಡಿ, ಬೆಲೆಚೀಟಿ ನೋಡಿ, ಮೂಗು ಮುರಿದು, ಕೊನೆಗೆ ದಾಳಿಂಬೆ ಬಣ್ಣದ್ದೊಂದನ್ನು ಎತ್ತಿಕೊಂಡರು. ಬಿಲ್ಲು ಬಂತು, ಬರುತ್ತಲೇ ಇತ್ತು, ಮೇಜಿನಿಂದಿಳಿದು ಅವರ ಪಾದ ಮುಟ್ಟಿತು. ಅವರು ನೋಡಿದ ಸೀರೆಗಳೆಲ್ಲ ಅದರಲ್ಲಿದ್ದವು.

“ನಾ ಬರೇ ನೋಡೀನಿ ಯವ್ವಾ, ತಗೊಂಡಿಲ್ಲ. ನೋಡಿದ್ದಕ್ಕೂ ರೊಕ್ಕ ಕೊಡಬೇಕಂದ್ರ ಕಣ್ಣ ಮುಚ್ಚಿ ಆರಿಸ್ಲೇನು?”

ದುಭಾಷಿ ಸೇರಿಸಿಕೊಂಡಿದ್ದ ಯಂತ್ರಗಳ ಪಟ್ಟಿ ತೆರೆದಾಗ ಪ್ರಾರ್ಥನಾಗೆ ಹೊಳೆಯಿತು. ಪೊರೆ ತೆಗೆದ ವೈದ್ಯರು ರೇಣವ್ವನ ಕಣ್ಣಲ್ಲಿ ಕೂರಿಸಿದ್ದ ಮಸೂರದೊಳಗೆ ಸಾಸಿವೆಗಿಂತ ಚಿಕ್ಕ ಕ್ಯಾಮೆರಾ ಇತ್ತು. ದುಭಾಷಿ ಅದನ್ನೂ ಸ್ಕ್ಯಾನರೆಂದು ಸೇರಿಸಿಕೊಂಡಿತ್ತು. ‘ನಿನಗೆ ಕಾಣುತ್ತದೆಯೇ’ ಎಂದು ಕೇಳಲಷ್ಟೇ ಅವಳು ಅದಕ್ಕೆ ಕಲಿಸಿದ್ದಳು. ‘ನೀನು ಯಾರ ಕಣ್ಣು’ ಎಂದು ಕೇಳುವುದು ಅವಳಿಗೇ ತೋಚಿರಲಿಲ್ಲ. ಅವಳಿಗೆ ತುಂಬ ನಾಚಿಕೆಯಾಯಿತು.

ಬೈಗುಳಕ್ಕೆ ತಲೆ ತಗ್ಗಿಸಿ ನಿಂತರೆ, ಮಹಾಂತೇಶನ ಮುಖ ಅರಳಿತ್ತು. ಬಿಲ್ಲು ಮಾಡುವುದು ಬೇಡ, ಯಾರು ಯಾವ ಸೀರೆಯನ್ನು ಎಷ್ಟು ಹೊತ್ತು ನೋಡಿದರೆಂದು ತನಗೊಬ್ಬನಿಗೆ ತಿಳಿಸಿದರೆ ಸಾಕು, ಪೇಟೆಗೆಲ್ಲ ದುಭಾಷಿಯನ್ನು ತಾನೇ ಕೊಡಿಸುತ್ತೇನೆ ಎಂದ. ಅವಳ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಆದರೂ ಕಣ್ಣಿನ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಕಣ್ಣನ್ನೂ ಸೇರಿಸದಂತೆ ದುಭಾಷಿಯನ್ನು ಅಲ್ಲೇ ತಿದ್ದಿದಳು. ಬಿಲ್ಲು ಒಂದೇ ಸಾಲಿಗೆ ಇಳಿಯಿತು. ಹಾಗಿದ್ದರೆ ತನಗಿದು ಬೇಡವೇ ಬೇಡ ಎಂದುಬಿಟ್ಟ ಮಹಾಂತೇಶ.

“ಇದರಾಗೇನ್ ತಪ್ಪೈತ್ರಿ ಮೇಡಂ? ನಮ್ಮಪ್ಪನ ಕಾಲದಾಗ ಮಂದಿ ಫೋನಿನ್ಯಾಗ ಏನ್ ನೋಡಿದ್ರೂ ಅಂಗಡಿಯವ್ರಿಗೆ ಗೊತ್ತಾಗ್ತಿತ್ತಂತ. ಯಾರೂ ಏನೂ ಅನ್ನಲಿಲ್ಲ.”

ರೇಣವ್ವ ಸೀರೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವನತ್ತ ತಿರುಗಿದರು.

“ಖರೇ ಐತಪಾ. ಆ ಮಂದ್ಯಾಗ ನಾನೂ ಇದ್ನಿ. ಆಗ್ಲೇ ಅನ್ನಬೇಕಿತ್ತು.”