ಸೆಮಿಫೈನಲ್‌ಗೆ ಮೊದಲಿನ ಊಟ

ಶನಿವಾರ ಬೆಳಗ್ಗೆ ಐದೂವರೆಗೆ ಗದ್ವಾಲ ಠಾಣೆಯ ಮೆಟ್ಟಿಲು ಹತ್ತಿದ ಲಕ್ಷ್ಮಯ್ಯ ದೂರು ಕೊಡುವವನಂತೆ ಕಾಣಲಿಲ್ಲ, ಜಗಳಕ್ಕೆ ಬಂದವನಂತಿದ್ದ. ನಾರಾಯಣಪೇಟೆಯ ನೇಕಾರ. ಮಗ ವಂಶಿ ನಾರಾಯಣಪೇಟೆ ತಂಡದ ಗೋಲ್‌ಕೀಪರ್. ಅವತ್ತು ಸಂಜೆ ನಾಲ್ಕಕ್ಕೆ ಕೃಷ್ಣಾತೀರ ಫುಟ್‌ಬಾಲ್ ಲೀಗಿನ ಸೆಮಿಫೈನಲ್, ಅದೂ ಗದ್ವಾಲ ತಂಡದ ಮೇಲೆ, ಗದ್ವಾಲದ ಮೈದಾನದಲ್ಲೇ. ಸೀಸನ್ ಪೂರ್ತಿ ಆಡಿದ್ದು ಒಂದು ತೂಕ, ಈ ನಾಕೌಟ್ ಒಂದೇ ಒಂದು ತೂಕ. ಸೋತವರು ಗಂಟುಮೂಟೆ ಕಟ್ಟುವುದೇ.

“ನಮ್ಮ ಹುಡುಗ್ರಿಗೆ ನಿಮ್ಮೂರಾಗ ವಿಷ ಹಾಕ್ಯಾರ!”

“ಕುಂದರ್ರಿ. ಏನಾತು ಹೇಳ್ರಿ,” ಎಂದಳು ಇನ್‌ಸ್ಪೆಕ್ಟರ್ ನವನೀತಾ.

“ಕುಂದ್ರಾಕ ಬಂದಿಲ್ಲ. ನೀವೂ ಗದ್ವಾಲದವ್ರ. ನಿಮ್ಮವ್ರನ್ನ ನೀವ ಹಿಡೀತೀರೇನು?”

ಅವಳು ಪೆನ್ನು ತೆಗೆದಳು. ತಂಡ ಇಳಿದುಕೊಂಡಿದ್ದು ಛತ್ರದಲ್ಲಿ. ನಿನ್ನೆ ಸಂಜೆ ಏಳಕ್ಕೆ ಅನ್ನ, ಬೇಳೆ ಉಂಡಿದ್ದಾರೆ. ಆಮೇಲೆ ಒಬ್ಬೊಬ್ಬರಿಗೇ ವಾಂತಿ, ಭೇದಿ. ಗೋವಾದಿಂದ ಬಂದ ಹೊಸ ಕೋಚ್ ಸಮೇತ ಎಲ್ಲರೂ ಸರಕಾರಿ ಆಸ್ಪತ್ರೆಯಲ್ಲಿ. ವಂಶಿಗೆ ಮಾತ್ರ ಪ್ರಜ್ಞೆ ಇಲ್ಲ. ಅವನ ಆಟ ನೋಡಿ ಕರೆದೊಯ್ಯಲೆಂದೇ ಹೈದರಾಬಾದಿನ ದೊಡ್ಡ ಕ್ಲಬ್ಬಿನವರು ಇವತ್ತು ಬರುವವರಿದ್ದರು. ಅದನ್ನು ಹೇಳುವಾಗ ಲಕ್ಷ್ಮಯ್ಯನ ಸಿಟ್ಟು ಅಳುವಾಯಿತು. ನ್ಯಾಯ ಸಂಹಿತೆಯ ಸೆಕ್ಷನ್ 123ರ ಕೆಳಗೆ ಎಫ್‌ಐಆರ್ ದಾಖಲಾಯಿತು: ವಿಷವಿಕ್ಕಿ ನೋಯಿಸಿದ್ದು, ಆರೋಪಿ ಗೊತ್ತಿಲ್ಲ.

ಆಸ್ಪತ್ರೆಯ ಡಾಕ್ಟರು ತಲೆ ಕೆರೆದುಕೊಂಡರು. “ಉಳಿದವ್ರೆಲ್ಲ ಎದ್ದು ಕೂಡ್ತಾರ. ಕೀಪರ್ ಹುಡುಗನ ಕಿಡ್ನಿಗೆ ಪೆಟ್ಟು ಬಿದ್ದೈತಿ. ಎಲ್ಲಾರೂ ಉಂಡದ್ದು ಒಂದ ಅಡಗಿ, ಇವನಿಗ್ಯಾಕ ಇಷ್ಟು ಅಂತ ತಿಳೀವಲ್ದು.”

ವಾರ್ಡಿನ ಮೂಲೆಯ ಮಂಚದಲ್ಲಿ ತಂಡದ ಮ್ಯಾನೇಜರ್ ವಾದೀಂದ್ರ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಐವತ್ತರ ಆಸುಪಾಸು, ಹಣೆಯಲ್ಲಿ ಅಂಗಾರದ ಗೆರೆ.

“ನೀವೂ ಉಂಡ್ರೇನು?”

“ಹುಡುಗ್ರ ಕೂಡ ಕೂತು ಉಂಡೀನ್ರಿ. ಅವ್ರಿಗಾದದ್ದ ನನಗೂ ಆತು. ಮೊದಲು ಆ ಅಡಗಿಯಾಕಿನ್ನ ಹಿಡೀರಿ. ಗದ್ವಾಲದಾಕಿ.”

ಏಳು ಗಂಟೆಗೆ ಛತ್ರದಲ್ಲಿ ಪಂಚನಾಮೆ ನಡೆಯಿತು. ಉಳಿದ ಬೇಳೆಯನ್ನು ಬಾಟಲಿಗೆ ತುಂಬಿ, ಸೀಲು ಹಾಕಿ, ಪ್ರಯೋಗಾಲಯಕ್ಕೆ ಕಳಿಸಲು ಕಾನ್‌ಸ್ಟೇಬಲ್ ಅಯ್ಯಣ್ಣನ ಕೈಗೆ ಕೊಟ್ಟರು. ಅಡುಗೆಯ ಕುರುಮಮ್ಮ ಎದೆ ಎದೆ ಬಡಿದುಕೊಂಡಳು. ಅಷ್ಟರಲ್ಲಿ ನಾರಾಯಣಪೇಟೆಯಿಂದ ಎರಡು ಲಾರಿ ಜನ ಬಂದಿಳಿದರು. “ಆಕಿನ್ನ ಹೊರಗ ಕೊಡ್ರಿ!” ಅನ್ನುವ ಕೂಗಿನ ಹಿಂದೆಯೇ ಕಲ್ಲು ಬಂತು, ಕಿಟಕಿಯ ಗಾಜು ಪುಡಿಯಾಯಿತು. ನವನೀತಾ ಮುದುಕಿಯ ತಲೆಯ ಮೇಲೆ ತನ್ನ ತೋಳು ಹಿಡಿದು ಜೀಪಿಗೆ ಹತ್ತಿಸಿದಳು. ಅರೆಸ್ಟಾಯಿತೆಂದು ನಾರಾಯಣಪೇಟೆಯವರು ಶಿಳ್ಳೆ ಹೊಡೆದರು. ಅದು ಕೇಳಿ ಗದ್ವಾಲದವರು ರೊಚ್ಚಿಗೆದ್ದರು. “ಸ್ವಂತ ಊರಿನ ಬಡವಿ ಸಿಕ್ಕಳೇನು ನಿನಗ?” ಎಂದು ಯಾರೋ ಜೀಪಿನ ಮೇಲೆ ಉಗಿದರು. ಅವರಿಗೂ ಬೇಡ, ಇವರಿಗೂ ಬೇಡ! ಇಂಥ ನೌಕರಿಗೆ ಬೆಂಕಿ ಬೀಳಲಿ ಅನಿಸಿತು ಅವಳಿಗೆ.

ಆಸ್ಪತ್ರೆಗೆ ಮರಳಿದಾಗ ವಾರ್ಡಿನ ಬಾಗಿಲಲ್ಲಿ ವಾದೀಂದ್ರನ ತಂಗಿ ಪದ್ಮಾಬಾಯಿ ನರ್ಸಿನ ಜೊತೆ ವಾದಿಸುತ್ತಿದ್ದರು. ಕೋಟೆಯೊಳಗಿನ ಗುಡಿಯ ಅರ್ಚಕರ ಹೆಂಡತಿ. ಕೈಯಲ್ಲಿ ಊಟದ ಡಬ್ಬಿ.

“ಇದಿಷ್ಟು ಉಣಿಸಿ ಹೋಗ್ತೀನವಾ. ನಿನ್ನಿಯಿಂದ ಅವನ ಹೊಟ್ಯಾಗ ಏನಿಲ್ಲ. ಪಾರಣಿ ಹೊತ್ತು ಮೀರ್ತದ.”

ನವನೀತಾ ನಿಂತಳು. “ಏನಿಲ್ಲ ಅಂದ್ರ? ಸಂಜೀಕ ಹುಡುಗ್ರ ಕೂಡ ಉಂಡೀನಿ ಅಂತ ಅವ್ರ ಹೇಳ್ಯಾರಲ್ರೀ?”

“ಯಾರು? ನಮ್ಮಣ್ಣ? ಏಕಾದಶಿ ದಿನ ಅನ್ನ?” ಪದ್ಮಾಬಾಯಿಯ ಮುಖ ಕೆಂಪಾಯಿತು. “ನಾಲಿಗಿ ಹಿಡದು ಮಾತಾಡ್ರಿ. ಉಪನಯನ ಆದಾಗಿಂದ ಏಕಾದಶಿ ಬಿಟ್ಟವನಲ್ಲ ಅವ. ಟೈಫಾಯ್ಡ್ ಬಂದಾಗ ಸೈತ ಬಿಡಲಿಲ್ಲ. ನಿಮ್ಮ ಖಾಕಿ ಅಂಗಿಗೆ ಹೆದರಿ ನಾ ಅವನ ವ್ರತ ಕೆಡಸಲೇನು? ರಾಯರ ಆಣಿ ಮಾಡಿ ಹೇಳ್ತೀನಿ, ಒಂದು ಅಗುಳ ಮುಟ್ಟಿಲ್ಲ. ಬರಕೊಳ್ರಿ ಅದನ್ನ!”

ನವನೀತಾ ಬರೆದುಕೊಂಡಳು. ಅಣ್ಣನ ಮಾನ ಉಳಿಸಿದೆನೆಂಬ ಬಿಗುವಿನಲ್ಲಿ ಆ ಹೆಂಗಸು ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದರು. ಅವರ ಮುಖ ನೋಡಲು ನವನೀತಾಳಿಗೆ ನಾಚಿಕೆಯಾಯಿತು.

ಠಾಣೆಯಲ್ಲಿ ಕುರುಮಮ್ಮ ಚಹಾ ಮುಟ್ಟದೆ ಕೂತಿದ್ದಳು.

“ಅಡಗಿಮನಿಗೆ ಮ್ಯಾನೇಜರ್ ಬಂದಿದ್ರೇನು?”

“ಬಂದಿದ್ರವ್ವ. ಬ್ಯಾಳಿ ನಾ ನೋಡ್ಕೋತೀನಿ, ನೀ ನೀರು ತಗೊಂಬಾ ಅಂದ್ರು.”

“ಆಮ್ಯಾಲ ಉಂಡ್ರೇನು?”

“ತಾಟಿಗೆ ಬಡಿಸ್ಕೊಂಡ್ರು. ಅಷ್ಟ್ರಾಗ ಫೋನ್ ಬಂತಂತ ಎದ್ದು ಹೋದ್ರು. ತಾಟು ಕಟ್ಟೀಮ್ಯಾಲ ಹಂಗ ಇತ್ತು. ನಾ ಚೆಲ್ಲಾಕ ಹೋದ್ರ ವಂಶಿ ಬಿಡಲಿಲ್ಲ. ‘ಅನ್ನ ಕೆಡಿಸಿದ್ರ ಸಾರ್ ಮೈದಾನದ ಸುತ್ತ ಓಡಸ್ತಾರ, ಕೊಡಬೇ ಇಲ್ಲೆ’ ಅಂತ ನಕ್ಕೋತ ಅದನ್ನೂ ಉಂಡ.”

ನವನೀತಾ ಅಯ್ಯಣ್ಣನಿಗೆ ವಾದೀಂದ್ರನ ಫೋಟೋ ಕೊಟ್ಟು ಬೇರು-ಬೀಜದ ಮದ್ದು ಮಾರುವ ಗ್ರಂಧಿಗೆ ಅಂಗಡಿಗಳನ್ನೆಲ್ಲ ಜಾಲಾಡಲು ಕಳಿಸಿದಳು. ಗದ್ವಾಲದಲ್ಲಿ ಯಾರೂ ಗುರುತಿಸಲಿಲ್ಲ. ಹತ್ತಿರದ ಊರು ಶಾಂತಿನಗರದ ಅಂಗಡಿಯ ವೀರಯ್ಯ ಗುರುತಿಸಿದ. ಎತ್ತಿಗೆ ಹೊಟ್ಟೆ ಕಟ್ಟಿದೆ ಎಂದು ಹೇಳಿ ಈ ಮನುಷ್ಯ ಗುರುವಾರ ಜಾಪಾಳದ ಬೀಜ ಒಯ್ದಿದ್ದ. ಊರಲ್ಲೆಲ್ಲ ಅದಕ್ಕೆ ಜಮಾಲಗೋಟ ಅನ್ನುತ್ತಾರೆ. ಹೆಚ್ಚಾದರೆ ಪ್ರಾಣಕ್ಕೇ ಬರುವ ಭೇದಿ ಮದ್ದು. ಎತ್ತು ಮಾತ್ರ ವಾದೀಂದ್ರನ ಮನೆಯಲ್ಲಿ ಯಾವತ್ತೂ ಇರಲಿಲ್ಲ.

ನಾಲ್ಕಕ್ಕೆ ಗದ್ವಾಲದ ಹನ್ನೊಂದು ಜನ ಮೈದಾನಕ್ಕಿಳಿದರು. ಎದುರಿಗೆ ಯಾರೂ ಇರಲಿಲ್ಲ. ರೆಫರಿ ಕಾದು ಕಾದು ಸೀಟಿ ಊದಿ ಗದ್ವಾಲವನ್ನು ಫೈನಲ್‌ಗೆ ಕಳಿಸಿದ. ಇಲ್ಲಿ ಪಟಾಕಿ ಹೊಡೆದರು, ನಾರಾಯಣಪೇಟೆ ಕಡೆಯ ಮಕ್ತಲದ ಬಸ್‌ಸ್ಟ್ಯಾಂಡಿನಲ್ಲಿ ಗದ್ವಾಲದ ಬಸ್ಸಿಗೆ ಕಲ್ಲು ಬಿತ್ತು.

ಐದು ಗಂಟೆಗೆ ನವನೀತಾ ವಾದೀಂದ್ರನ ಮಂಚದ ಬಳಿ ಕುರ್ಚಿ ಎಳೆದು ಕೂತಳು.

“ನಿನ್ನೆ ಏನು ಉಂಡ್ರಿ?”

“ಅನ್ನ, ಬ್ಯಾಳಿ. ಹೇಳೀನಲ್ರಿ.”

“ನಿನ್ನೆ ಏಕಾದಶಿ.”

ಅವನು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ.

“ಒಂದು ಅಗುಳ ಮುಟ್ಟಿಲ್ಲ ಅಂತ ನಿಮ್ಮ ತಂಗಿ ರಾಯರ ಆಣಿ ಮಾಡ್ಯಾರ. ಅವ್ರು ಸುಳ್ಳೋ, ನೀವು ಸುಳ್ಳೋ?”

ಅವನು ಗೋಡೆಯ ಕಡೆ ಹೊರಳಿದ. “ಅಕಿ ಸುಳ್ಳು ಹೇಳಾಕಿ ಅಲ್ಲ.”

“ಯಾಕ ಮಾಡಿದ್ರಿ?”

“ಬರಿಗಾಲಿನ ಹುಡುಗ್ರನ್ನ ಹಿಡದು ತಂಡ ಕಟ್ಟಿದಾಂವ ನಾ. ನಾಕೌಟಿಗೆ ಬಂದ್ವಿ ಅನ್ನೋದ್ರಾಗ ಮಾಲಕರು ಗೋವಾದಿಂದ ಕೋಚ್ ತಂದ್ರು. ನನಗ ಊಟದ ಉಸಾಬರಿ ಕೊಟ್ಟು ಮ್ಯಾನೇಜರ್ ಅಂದ್ರು. ಬಿತ್ತಿದಾಂವ ನಾ, ರಾಶಿ ಮಾಡಾಂವ ಅವ. ನಾ ಇಲ್ಲದ ಗೆದ್ರಂದ್ರ ನಾ ಯಾರೂ ಅಲ್ಲ ಅಂತ ಊರಿಗೆಲ್ಲ ತಿಳೀತದ. ಗೆಲ್ಲಬಾರದು ಅನಿಸ್ತು.” ಅವನು ಎದ್ದು ಕೂತ. “ಸಾಯಲಿ ಅಂತಲ್ರಿ! ಒಂದು ದಿನ ಕಾಲಾಗ ಶಕ್ತಿ ಇರಬಾರದು, ಅಷ್ಟ. ಎಲ್ಲಾರೂ ಎದ್ದಾರ. ವಂಶಿಗಷ್ಟ ಯಾಕ ಹಿಂಗಾತು?”

ಹೇಳದೆ ಬಿಡಬಹುದಿತ್ತು. ಆದರೆ ಬೆಳಗಿನಿಂದ ಉಗುಳಿಸಿಕೊಂಡ ಹೆಣ್ಣು, ಬಿಡಲಿಲ್ಲ. “ನೀವು ಬಿಟ್ಟೆದ್ದ ತಾಟೂ ಅವನ ಉಂಡ. ಅನ್ನ ಕೆಡಿಸಬಾರದಂತ ನೀವ ಕಲಿಸಿದ್ರಂತಲ್ಲ.”

ಅಯ್ಯಣ್ಣ ವಾದೀಂದ್ರನ ರಟ್ಟೆ ಹಿಡಿದು ಎಬ್ಬಿಸಿದ.

ಆಸ್ಪತ್ರೆಯ ಪಡಸಾಲೆಯಲ್ಲಿ ಲಕ್ಷ್ಮಯ್ಯ ಎದುರಾದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ವಾದೀಂದ್ರನನ್ನು ಕಂಡದ್ದೇ ಹೆಗಲ ಟವಲು ತೆಗೆದು ಕೈಮುಗಿದ.

“ಎದ್ರೇನ್ರಿ ಸಾರ್? ವಂಶಿ ಈಗ ಕಣ್ಣು ಬಿಟ್ಟಾನ. ಇನ್ನ ಆಟ ಆಗಂಗಿಲ್ಲ ಅಂತಾರ ಡಾಕ್ಟರು, ಇರಲಿ, ಜೀವ ಉಳೀತು. ಬಾಯಿ ಬಿಟ್ಟ ಮೊದಲ ಮಾತು ನಿಮ್ಮದ. ‘ನಾ ಸಾರ್ ತಾಟು ಉಂಡುಬಿಟ್ಟೆ, ಪಾಪ, ಅವ್ರು ಏನು ಉಂಡ್ರೋ ಏನೋ’ ಅಂತ.”

ಸಂಜೆ ಐದೂ ಮುಕ್ಕಾಲಿಗೆ ಆರೋಪಿಯನ್ನು ದಸ್ತಗಿರಿ ಮಾಡಿದ್ದಾಗಿ ನವನೀತಾ ದಾಖಲಿಸಿದಳು.